ಆ ಪೈಪ್ ಸೇದುವ ಅಮೆರಿಕನ್ ಎಲ್ಲಿ ಹೋದ?

ಪ್ರಶ್ನೆ: ಸರ್, ನಮಸ್ಕಾರ. ನಾನು ಹಾಸನದವನು, ಬ್ಯಾಂಕಿನಿಂದ ನಿವೃತ್ತನಾಗಿ ಎರಡು ವರ್ಷವಾಯಿತು. 1986ರಲ್ಲಿ ಡಿಗ್ರಿ ಓದುವಾಗ ನಮ್ಮ ಬೀದಿಯಲ್ಲಿ ಗಣೇಶನ ಹಬ್ಬಕ್ಕೆ ಟಿ.ವಿ., ವಿಸಿಆರ್ ಬಾಡಿಗೆಗೆ ತಂದು ರಾತ್ರಿಯಿಡೀ ಸಿನಿಮಾ ಹಾಕಿದ್ದರು. ಮೂರನೆಯದು ‘ಗಾಡ್ಜಿಲ್ಲಾ’. ಶುರುವಿನಲ್ಲೇ ಊರೆಲ್ಲ ಸುಟ್ಟು ಬಿದ್ದಿರುತ್ತದೆ, ಅದರ ಮಧ್ಯೆ ಗಾಯಗೊಂಡ ಅಮೆರಿಕನ್ ಪತ್ರಕರ್ತ ಕಥೆ ಹೇಳುತ್ತಾನೆ. ದಪ್ಪ ಆಸಾಮಿ, ಪೈಪ್ ಸೇದುತ್ತಿದ್ದ. ಪ್ರಾಣಿ ಹಸಿರು ಬಣ್ಣದ್ದು ಅಂತ ನೆನಪು. ಆಮೇಲೆ ವಿಡಿಯೊ ಲೈಬ್ರರಿ ಮುಚ್ಚುವಾಗ ಅದೇ ಕ್ಯಾಸೆಟ್ ಕೊಂಡುಕೊಂಡೆ, ಇನ್ನೂ ಇದೆ. ಮೊನ್ನೆ ನ್ಯೂಜೆರ್ಸಿಯಿಂದ ಬಂದ ಮಗ ಕ್ರೈಟೀರಿಯನ್ ಕಂಪನಿಯ ಬ್ಲೂ-ರೇ ತಂದುಕೊಟ್ಟ. ನಮ್ಮ ಪ್ಲೇಯರ್ ಅದನ್ನು ಮುಟ್ಟಲೇ ಇಲ್ಲ. ಎಲ್ಲ ದೇಶದ ಡಿಸ್ಕೂ ಓಡಿಸುವ ಮಲ್ಟಿ ರೀಜನ್ ಪ್ಲೇಯರನ್ನು ಮೈಸೂರಿನ ಸ್ನೇಹಿತರಿಂದ ಎರವಲು ತಂದು ನೋಡಿದರೆ ಅಮೆರಿಕನ್ ಇಲ್ಲವೇ ಇಲ್ಲ. ಪೂರ್ತಿ ಜಪಾನಿ ಮಾತು. ಎರಡೂ ಪಕ್ಕ ಕಪ್ಪು ಪಟ್ಟಿ. ಮುಖದ ಮೇಲೆ ರವೆ ಚೆಲ್ಲಿದ ಹಾಗೆ ಕಾಳು ಕಾಳು, ಅಲ್ಲಲ್ಲಿ ಗೀರು. ರಾತ್ರಿ ದೃಶ್ಯಗಳು ಮಸಿ. ಹನ್ನೆರಡು ವರ್ಷದ ಮೊಮ್ಮಗಳು ‘ತಾತ, ಇದು ಡ್ರೆಸ್ ಹಾಕ್ಕೊಂಡ ಮನುಷ್ಯ’ ಅಂತ ಬಿದ್ದು ಬಿದ್ದು ನಕ್ಕಳು. ಡಿಸ್ಕ್ ನಕಲಿಯಾ? ನನ್ನ ನೆನಪೇ ತಪ್ಪಾ? ಈಗ ಇದಕ್ಕಿಂತ ಸ್ಪಷ್ಟವಾದ 4ಕೆ ಡಿಸ್ಕ್ ಬಂದಿದೆ, ಇದನ್ನು ವಾಪಸ್ ಮಾಡಿ ಅದನ್ನೇ ತರುತ್ತೇನೆ ಅಂತ ಮಗ. ಹಳೇ ಕ್ಯಾಸೆಟ್ ಮೇಲೆ ಬಿಳಿ ಪುಡಿ ಕೂತಿದೆ, ಅದನ್ನು ಡಿಜಿಟಲ್ ಮಾಡಿಸಬಹುದಾ? ಇನ್ನೊಂದು, ಜಪಾನಿನಲ್ಲಿ ಈ ಚಿತ್ರಗಳಿಗೆಲ್ಲ ಬೇರೆ ಕೊನೆ ಇತ್ತು, ಕಿಂಗ್ ಕಾಂಗ್ ಜೊತೆಗಿನ ಜಗಳದಲ್ಲಿ ಅಲ್ಲಿ ಗಾಡ್ಜಿಲ್ಲಾನೇ ಗೆಲ್ಲುತ್ತೆ ಅಂತ ಮೈಸೂರಿನ ಸ್ನೇಹಿತರ ವಾದ. ನಿಜವಾ?

ಉತ್ತರ: ಪ್ಲೇಯರ್ ಇನ್ನೂ ಮೈಸೂರಿಗೆ ವಾಪಸ್ ಹೋಗಿಲ್ಲದಿದ್ದರೆ ಡಿಸ್ಕ್ ಇನ್ನೊಮ್ಮೆ ಹಾಕಿ. ಸಿನಿಮಾ ಶುರು ಮಾಡಬೇಡಿ, ಮೆನುವಿನಲ್ಲೇ ನಿಲ್ಲಿ. ಅಲ್ಲಿ ‘ಗಾಡ್ಜಿಲ್ಲಾ, ಕಿಂಗ್ ಆಫ್ ದಿ ಮಾನ್‌ಸ್ಟರ್ಸ್’ ಅಂತ ಇನ್ನೊಂದು ಹೆಸರು ಸಿಗುತ್ತದೆ. ಒತ್ತಿ. ನಿಮ್ಮ ಪೈಪ್ ಆಸಾಮಿ ಅಲ್ಲೇ ಕೂತಿದ್ದಾನೆ. ಅವನು ಎಲ್ಲೂ ಹೋಗಿಲ್ಲ.

ನೀವು 1986ರಲ್ಲಿ ನೋಡಿದ್ದು ಒಂದು ಸಿನಿಮಾ, ಈಗ ನೋಡಿದ್ದು ಇನ್ನೊಂದು. ಹೆಸರು ಒಂದೇ, ಪ್ರಾಣಿ ಒಂದೇ, ಮುಕ್ಕಾಲು ಪಾಲು ಚಿತ್ರಣವೂ ಒಂದೇ. ಆದರೂ ಬೇರೆ. ಜಪಾನಿನ ತೊಹೊ ಕಂಪನಿ ‘ಗೊಜಿರಾ’ವನ್ನು (ಗಾಡ್ಜಿಲ್ಲಾದ ಜಪಾನಿ ಹೆಸರು) 1954ರ ನವೆಂಬರ್ 3ರಂದು ಬಿಡುಗಡೆ ಮಾಡಿತು. ನಿರ್ದೇಶಕ ಇಶಿರೊ ಹೋಂಡಾ, 96 ನಿಮಿಷದ ಚಿತ್ರ. ಅಮೆರಿಕದವರು ಅದನ್ನು ಕೊಂಡು, ಕತ್ತರಿಸಿ, ರೇಮಂಡ್ ಬರ್ ಎಂಬ ನಟನನ್ನು ಸ್ಟೀವ್ ಮಾರ್ಟಿನ್ ಎಂಬ ಪತ್ರಕರ್ತನಾಗಿ ಹೊಸದಾಗಿ ಚಿತ್ರೀಕರಿಸಿ ಮಧ್ಯೆ ಮಧ್ಯೆ ತುರುಕಿ 1956ರಲ್ಲಿ ಬಿಟ್ಟರು. ಅದು 80 ನಿಮಿಷ. ಅದರಲ್ಲಿ ಸುಮಾರು 20 ನಿಮಿಷ ಬರ್ ಇರುವ ಹೊಸ ಭಾಗ. ಅಂದರೆ ಮೂಲದ 96ರಲ್ಲಿ ಉಳಿದದ್ದು ಹೆಚ್ಚೂಕಡಿಮೆ 60. ಬೇಸಿಗೆ ರಜೆಯಲ್ಲಿ ಕ್ಯಾಸೆಟ್ ತಂದು ನೋಡಿದವರಲ್ಲಿ ಬಹಳ ಜನಕ್ಕೆ ಸಿಕ್ಕಿದ್ದು ಇದೇ. ಜಪಾನಿನ ಹೊರಗೆ ದಶಕಗಳ ಕಾಲ ‘ಗಾಡ್ಜಿಲ್ಲಾ’ ಅಂದರೆ ಇದೇ ಆಗಿತ್ತು. ಮೂಲ ಚಿತ್ರ ಅಮೆರಿಕದ ಥಿಯೇಟರ್‌ಗಳಲ್ಲಿ ಸರಿಯಾಗಿ ಬಿಡುಗಡೆಯಾದದ್ದೇ 2004ರಲ್ಲಿ. ಹಾಗಾಗಿ ನಿಮ್ಮ ನೆನಪು ಸರಿಯಾಗೇ ಇದೆ.

ಒಂದು ವಿಷಯ ಬಿಟ್ಟು. ಹಸಿರು ಬಣ್ಣ. ಎರಡೂ ಚಿತ್ರ ಕಪ್ಪು ಬಿಳುಪು. ಆ ಕಾಲದ ಜಪಾನಿ ಉಡುಪು ಹಸಿರೇ ಅಲ್ಲ, ಇದ್ದಿಲಿನಂಥ ಬೂದು. ಹಸಿರು ಬಂದದ್ದು ಪೋಸ್ಟರ್‌ಗಳಿಂದ, ಕ್ಯಾಸೆಟ್ ಕವರ್‌ಗಳಿಂದ, 1978ರ ಅಮೆರಿಕನ್ ಕಾರ್ಟೂನ್‌ನಿಂದ. ಇಟಲಿಯಲ್ಲಿ 1977ರಲ್ಲಿ ಒಬ್ಬರು ಈ ಚಿತ್ರಕ್ಕೆ ಬಣ್ಣ ಬಳಿದದ್ದೂ ಉಂಟು, ಆದರೆ ಅದು ಹಾಸನದ ಗಣೇಶನ ಪೆಂಡಾಲಿಗೆ ಬಂದಿರಲಾರದು ಬಿಡಿ. ನಿಮ್ಮ ಕ್ಯಾಸೆಟ್ಟಿನ ಡಬ್ಬಿ ತೆಗೆದು ನೋಡಿ. ಹಸಿರು ಅಲ್ಲೇ ಇರುತ್ತದೆ.

ಸ್ನೇಹಿತರ ಕಿಂಗ್ ಕಾಂಗ್ ವಾದವನ್ನೂ ಇಲ್ಲೇ ಮುಗಿಸಿಬಿಡೋಣ. ಅದು ಸುಳ್ಳು, ಆದರೆ ಬಹಳ ಹಳೆಯ ಸುಳ್ಳು. 1962ರ ಜಪಾನಿ ಚಿತ್ರದಲ್ಲೂ 1963ರ ಅಮೆರಿಕನ್ ರೂಪದಲ್ಲೂ ಕೊನೆಗೆ ಸಮುದ್ರದಿಂದ ಎದ್ದು ಈಜಿಕೊಂಡು ಹೋಗುವುದು ಕಾಂಗ್ ಒಬ್ಬನೇ. ಜಪಾನಿ ಚಿತ್ರದ ಕೊನೆಯಲ್ಲಿ ಎರಡೂ ಪ್ರಾಣಿಗಳ ಕೂಗು ಕೇಳುತ್ತದೆ, ಅಮೆರಿಕದ್ದರಲ್ಲಿ ಕಾಂಗ್‌ನದು ಮಾತ್ರ. ಇಷ್ಟರ ಮೇಲೆ ಆ ಕಥೆಯೆಲ್ಲ ಬೆಳೆದಿದೆ. ಆದರೆ ನಿಮ್ಮ ಕೈಯಲ್ಲಿರುವ ಚಿತ್ರದ ಕೊನೆ ಮಾತ್ರ ಎರಡರಲ್ಲೂ ನಿಜವಾಗಿ ಬೇರೆ. ಅದನ್ನು ಆಮೇಲೆ ಹೇಳುತ್ತೇನೆ.

ಈಗ ಡಿಸ್ಕ್ ವಿಚಾರ. ನಾನು ಸುಮಾರು ಮೂವತ್ತು ವರ್ಷ ಫಿಲ್ಮ್ ರೀಲುಗಳನ್ನು ವಿಡಿಯೊಗೆ ಇಳಿಸುವ ಕೆಲಸ ಮಾಡಿದವನು. ನೀವು ಬರೆದ ದೂರುಗಳಲ್ಲಿ ಒಂದೂ ಡಿಸ್ಕಿನ ದೋಷವಲ್ಲ. ಕೆಲವು ಆ ಚಿತ್ರದ ಸ್ವಭಾವ, ಒಂದು ವ್ಯಾಪಾರದ ಕಟ್ಟಳೆ, ಉಳಿದದ್ದು ನಿಮ್ಮ ಟಿ.ವಿ.ಯ ಅಧಿಕಪ್ರಸಂಗ.

ಪ್ಲೇಯರ್ ಮುಟ್ಟಲಿಲ್ಲ ಅಂದಿರಿ. ಬ್ಲೂ-ರೇಗೆ ಪ್ರಪಂಚವನ್ನು ಎ, ಬಿ, ಸಿ ಅಂತ ಮೂರು ಪಾಲು, ಅಂದರೆ ರೀಜನ್, ಮಾಡಿದ್ದಾರೆ. ಅಮೆರಿಕ ಮತ್ತು ಜಪಾನ್ ಎರಡೂ ಎ. ಯುರೋಪು, ಆಸ್ಟ್ರೇಲಿಯಾ ಬಿ. ನಾವು, ಚೀನಾ, ರಷ್ಯಾ ಸಿ. ಕ್ರೈಟೀರಿಯನ್‌ನ ಅಮೆರಿಕನ್ ಬ್ಲೂ-ರೇಗಳು ಎ ಬೀಗ ಹಾಕಿಕೊಂಡು ಬರುತ್ತವೆ. ಇಲ್ಲಿ ಕೊಂಡ ಮಾಮೂಲಿ ಪ್ಲೇಯರ್‌ಗೆ ಆ ಬೀಗ ತೆಗೆಯಲು ಬರುವುದಿಲ್ಲ. ಡಿವಿಡಿಯದ್ದು ಇನ್ನೊಂದು ಲೆಕ್ಕ: ಅಮೆರಿಕ 1, ಜಪಾನ್ 2, ಭಾರತ 5. ಡಿವಿಡಿ ಪ್ಲೇಯರ್‌ಗಳಲ್ಲಿ ರಿಮೋಟ್‌ನ ನಾಲ್ಕು ಬಟನ್ ಒತ್ತಿ ಬೀಗ ತೆಗೆಯುವ ಉಪಾಯ ನಮ್ಮ ಅಂಗಡಿಯವರಿಗೆಲ್ಲ ಗೊತ್ತಿತ್ತು. ಬ್ಲೂ-ರೇಯಲ್ಲಿ ಅದು ಅಷ್ಟು ಸುಲಭವಿಲ್ಲ, ಮಲ್ಟಿ ರೀಜನ್ ಪ್ಲೇಯರೇ ಬೇಕು. ಮಗನ ಕೈಲಿ ಅಮೆರಿಕದಿಂದ ಪ್ಲೇಯರ್ ತರಿಸುವುದಾದರೆ ಅದರ ಹಿಂದೆ 100–240 ವೋಲ್ಟ್ ಅಂತ ಬರೆದಿದೆಯಾ ನೋಡಲು ಹೇಳಿ. ಬರೀ 120 ಅಂತಿದ್ದರೆ ನೇರ ನಮ್ಮ ಪ್ಲಗ್ಗಿಗೆ ಹಾಕಿದ ದಿನವೇ ಅದರ ತಿಥಿ.

ಪಕ್ಕದ ಕಪ್ಪು ಪಟ್ಟಿ. 1954ರ ಈ ಚಿತ್ರದ ಚೌಕಟ್ಟು ಹೆಚ್ಚೂಕಡಿಮೆ ಹಳೆಯ ಟಿ.ವಿ.ಯ ಆಕಾರದ್ದೇ, ಎತ್ತರ 1 ಆದರೆ ಅಗಲ 1.37. ಅದಕ್ಕೇ 1986ರಲ್ಲಿ ಪರದೆ ತುಂಬ ಕಂಡಿತು. ನಿಮ್ಮ ಈಗಿನ ಟಿ.ವಿ. ಅಗಲ 1.78. ಚಿತ್ರ ಚಿಕ್ಕದಾಗಿಲ್ಲ ಸರ್, ಗೋಡೆ ಅಗಲವಾಗಿದೆ. ಪಟ್ಟಿ ಕಣ್ಣಿಗೆ ಚುಚ್ಚುತ್ತದೆ ಅಂತ ರಿಮೋಟ್‌ನಲ್ಲಿ ಚಿತ್ರ ಎಳೆದರೆ ಎಲ್ಲರೂ ಮೂರನೇ ಒಂದು ಪಾಲಿನಷ್ಟು ದಪ್ಪಗಾಗುತ್ತಾರೆ. ಜೂಮ್ ಮಾಡಿದರೆ ಮೇಲೆ ಕೆಳಗೆ ಸೇರಿ ಕಾಲು ಭಾಗದಷ್ಟು ಹೋಗುತ್ತದೆ. ಈ ಚಿತ್ರದಲ್ಲಿ ಅದು ಸಣ್ಣ ನಷ್ಟವಲ್ಲ. ಮೇಲೆ ಪ್ರಾಣಿಯ ತಲೆ, ಕೆಳಗೆ ಓಡುವ ಜನ, ಎರಡೂ ಒಟ್ಟಿಗೆ ಕಂಡರೇ ಅದು ಎಷ್ಟು ದೊಡ್ಡದು ಅನ್ನುವುದು ತಿಳಿಯುವುದು. ಪಟ್ಟಿ ಇರಲಿ.

ಇನ್ನು ರವೆ. ಅದನ್ನು ನಮ್ಮ ಕಡೆ ಗ್ರೇನ್ ಅನ್ನುತ್ತೇವೆ. ಕಪ್ಪು ಬಿಳುಪು ಫಿಲ್ಮಿನಲ್ಲಿ ಚಿತ್ರ ಮೂಡುವುದೇ ಬೆಳ್ಳಿಯ ಸಣ್ಣ ಕಣಗಳಿಂದ. ಅದು ಚಿತ್ರದ ಮೇಲೆ ಕೂತ ಧೂಳಲ್ಲ, ಚಿತ್ರವೇ ಅದು. ನಿಮ್ಮ ಕ್ಯಾಸೆಟ್ ಅದನ್ನು ತೋರಿಸಲಿಲ್ಲ, ಯಾಕೆಂದರೆ ವಿಎಚ್ಎಸ್‌ಗೆ ಅಷ್ಟು ಸಣ್ಣದನ್ನು ಹಿಡಿಯುವ ತಾಕತ್ತಿಲ್ಲ. ಮಂಜು ಹಿಡಿದ ಕನ್ನಡಿಯಲ್ಲಿ ಮೊಡವೆ ಕಾಣದ ಹಾಗೆ.

ಇದನ್ನು ‘ಕ್ಲೀನ್’ ಮಾಡುವ ಸಾಫ್ಟ್‌ವೇರ್ ಇದೆ. ಹದಿನೈದು ವರ್ಷದ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಹಳೆಯ ಕನ್ನಡ ಕಪ್ಪು ಬಿಳುಪು ಚಿತ್ರವೊಂದನ್ನು ಟಿ.ವಿ.ಗೆ ರೆಡಿ ಮಾಡುತ್ತಿದ್ದೆವು. ಗಾಜಿನ ಹಾಗೆ ಹೊಳೀಬೇಕು ಅಂದರು ಮೇಲಿನವರು. ಹುಡುಗರು ಮೀಟರ್ ಏರಿಸಿದರು. ಸಂಜೆ ಕೂತು ನೋಡಿದರೆ ಮಳೆ ದೃಶ್ಯದಲ್ಲಿ ಮಳೆಯೇ ಇಲ್ಲ. ಸಾಫ್ಟ್‌ವೇರ್ ಮಳೆ ಹನಿಯನ್ನೂ ಗೀರು ಅಂದುಕೊಂಡು ಒರೆಸಿ ಹಾಕಿತ್ತು. ನಾಯಕಿ ಸುಮ್ನೆ ಕೊಡೆ ಬಿಚ್ಚಿಕೊಂಡು ಬಯಲಲ್ಲಿ ಅಳುತ್ತಾ ನಿಂತಿದ್ದಳು. ಆವತ್ತಿನಿಂದ ರವೆ ಕಂಡರೆ ನನಗೆ ಸಮಾಧಾನ. ಯಾರೋ ಒರೆಸದೆ ಬಿಟ್ಟಿದ್ದಾರೆ ಅಂತ.

ಗೀರುಗಳದ್ದು ಇನ್ನೂ ಸ್ವಾರಸ್ಯದ ಕಥೆ. ಮತ್ತೆ ನೋಡುವಾಗ ಒಂದು ಕೆಲಸ ಮಾಡಿ: ಗೀರು, ಮಿನುಗು ಯಾವ ಯಾವ ಶಾಟ್‌ನಲ್ಲಿ ಜಾಸ್ತಿ ಅಂತ ಗಮನಿಸಿ. ಚಿತ್ರದ ವಿಜ್ಞಾನಿ ಡಾಕ್ಟರ್ ಯಮಾನೆ ಮನೆಯಲ್ಲಿ ಕೂತು ಮಾತಾಡುವಾಗ ಕಡಿಮೆ. ಗುಡ್ಡದ ಹಿಂದಿನಿಂದ ಪ್ರಾಣಿ ತಲೆ ಎತ್ತುವಾಗ, ಮುಂದೆ ಜನ ಹಿಂದೆ ಪ್ರಾಣಿ ಇರುವ ಶಾಟ್‌ಗಳಲ್ಲಿ ಜಾಸ್ತಿ. ಕಾರಣ ಇಷ್ಟೇ. ಆಗ ಕಂಪ್ಯೂಟರ್ ಇಲ್ಲ. ಜನರನ್ನು ಒಂದು ಫಿಲ್ಮಿನಲ್ಲಿ, ಪ್ರಾಣಿಯನ್ನು ಇನ್ನೊಂದರಲ್ಲಿ ತೆಗೆದು, ಎರಡನ್ನೂ ಮೂರನೆಯದಕ್ಕೆ ಮರುಮುದ್ರಿಸಬೇಕು. ಒಂದು ಭಾಗಕ್ಕೆ ಕಪ್ಪು ಮರೆ ಹಿಡಿದು ಇನ್ನೊಂದನ್ನು ತುಂಬಬೇಕು. ಅಂದರೆ ಅದೇ ಫಿಲ್ಮು ಮೆಷಿನ್ನಿನ ಹಲ್ಲಿಗೆ ಮತ್ತೆ ಮತ್ತೆ ಸಿಕ್ಕಿತು. ಪ್ರತಿ ಸಲವೂ ಒಂದಿಷ್ಟು ಧೂಳು, ಒಂದಿಷ್ಟು ತರಚು. ಈ ಗೀರುಗಳು 1954ರಲ್ಲಿ ಮೊದಲ ದಿನದ ಮೊದಲ ಆಟ ನೋಡಿದವರಿಗೂ ಕಂಡಿರುತ್ತವೆ. ಅವು ಚಿತ್ರದೊಳಗೇ ಅಚ್ಚಾಗಿ ಹೋಗಿವೆ. 4ಕೆ ತಂದರೂ ಪೂರ್ತಿ ಹೋಗುವುದಿಲ್ಲ.

ಮೊಮ್ಮಗಳ ನಗುವಿಗೆ ಬರುತ್ತೇನೆ. ಅವಳು ಹೇಳಿದ್ದು ನಿಜ. ಡ್ರೆಸ್ ಹಾಕಿಕೊಂಡ ಮನುಷ್ಯನೇ. ಹೆಸರು ಹರುವೊ ನಕಾಜಿಮಾ. ಮೊದಲು ಹೊಲಿದ ಉಡುಪು ಸುಮಾರು 100 ಕಿಲೊ, ಒಳಗಿದ್ದವನಿಗೆ ಹೆಜ್ಜೆ ಎತ್ತಲೂ ಆಗದಷ್ಟು ಬಿರುಸು. ಅದನ್ನು ಅರ್ಧಕ್ಕೆ ಕತ್ತರಿಸಿ ಕಾಲು ಮಾತ್ರ ಕಾಣುವ ಶಾಟ್‌ಗಳಿಗೆ ಬಳಸಿ, ಇನ್ನೊಂದು ಹೊಲಿದರು. ಸ್ಟುಡಿಯೊ ದೀಪಗಳ ಕೆಳಗೆ ಆತ ಒಳಗೇ ತಲೆ ಸುತ್ತಿ ಬಿದ್ದದ್ದುಂಟು. ಉಡುಪಿನಿಂದ ಬೆವರನ್ನು ಲೋಟಕ್ಕೆ ಬಸಿಯುತ್ತಿದ್ದರಂತೆ. ಪ್ರಾಣಿ ಹೇಗೆ ನಡೆಯಬೇಕು ಅಂತ ಕಲಿಯಲು ಟೋಕಿಯೊದ ಉಎನೊ ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳ ಹೆಜ್ಜೆ ನೋಡುತ್ತಾ ನಿಲ್ಲುತ್ತಿದ್ದ.

‘ಜಪಾನಿನವರಿಗೆ ದುಡ್ಡಿರಲಿಲ್ಲ, ಅದಕ್ಕೆ ಮನುಷ್ಯನಿಗೆ ವೇಷ ಹಾಕಿಸಿದರು’ ಅಂತ ಒಂದು ಮಾತು ಎಲ್ಲ ಕಡೆ ಓಡಾಡುತ್ತದೆ. ಅರ್ಧ ಸತ್ಯ. 1933ರ ಕಿಂಗ್ ಕಾಂಗ್ ಮಾಡಿದ ಹಾಗೆ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ತೆಗೆಯಲು ವರ್ಷಗಳೇ ಬೇಕಿತ್ತು, ಅಷ್ಟು ಸಮಯ ಇರಲಿಲ್ಲ. ಆದರೆ ವೇಷ ಅಂದ ಮಾತ್ರಕ್ಕೆ ಅಗ್ಗದ ಕೆಲಸ ಅಲ್ಲ. ಸ್ಪೆಷಲ್ ಎಫೆಕ್ಟ್ಸ್ ಮಾಡಿದ ಐಜಿ ಸುಬುರಾಯಾ ತಲೆ ಓಡಿಸಿದ್ದು ಎಲ್ಲಿ ಅಂತ ಹೇಳುತ್ತೇನೆ ಕೇಳಿ.

ಕಥೆಯಲ್ಲಿ ಗೊಜಿರಾ 50 ಮೀಟರ್ ಎತ್ತರ. ಉಡುಪು 2 ಮೀಟರ್. ಅಂದರೆ 25ಕ್ಕೆ 1. ಊರನ್ನೂ ಅದೇ ಅಳತೆಗೆ ಕಟ್ಟಿದರು. ನಿಜವಾಗಿ 50 ಮೀಟರ್ ಮೇಲಿಂದ ಒಂದು ಇಟ್ಟಿಗೆ ಬಿದ್ದರೆ ನೆಲ ಮುಟ್ಟಲು 3 ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. 2 ಮೀಟರ್ ಮೇಲಿಂದ ಬಿದ್ದರೆ ಮುಕ್ಕಾಲು ಸೆಕೆಂಡೂ ಬೇಡ. ಹಾಗೇ ತೆಗೆದರೆ ಕಟ್ಟಡ ಕುಸಿಯುವುದು ಬೆಂಕಿಪೊಟ್ಟಣ ಬಿದ್ದ ಹಾಗೆ ಕಾಣುತ್ತದೆ. ಅದಕ್ಕೆ ಕ್ಯಾಮೆರಾವನ್ನು ಜೋರಾಗಿ ಓಡಿಸಿ ತೆಗೆದು, ಮಾಮೂಲಿ ವೇಗದಲ್ಲಿ ತೋರಿಸುತ್ತಾರೆ. ಕಣ್ಣಿಗೆ ಎಲ್ಲವೂ ನಿಧಾನ, ಹಾಗಾಗಿ ಭಾರ. ಲೆಕ್ಕದ ಪ್ರಕಾರ 25ರ ಅಳತೆಗೆ ಐದು ಪಟ್ಟು ವೇಗ ಬೇಕು. ಬಿಸಿ ಉಸಿರಿಗೆ ಕರಗಿ ಬಾಗುವ ಕರೆಂಟ್ ಕಂಬಗಳು ನೋಡಿದಿರಲ್ಲ, ಅವು ಮೇಣದವು. ಬಿಸಿ ಗಾಳಿ ಊದಿ, ದೀಪದ ಕಾವು ಕೊಟ್ಟು ಕರಗಿಸಿದರು.

ಈಗ ನಿಮ್ಮ ಟಿ.ವಿ. ಏನು ಮಾಡಿತು ಗೊತ್ತಾ? ಹೊಸ ಟಿ.ವಿ.ಗಳಲ್ಲಿ ‘ಮೋಷನ್ ಸ್ಮೂದಿಂಗ್’ ಅಂತ ಒಂದಿದೆ. ಕಂಪನಿಗೊಂದು ಹೆಸರು, ಸೆಟ್ಟಿಂಗ್ಸ್‌ನಲ್ಲಿ ಮೋಷನ್ ಅಂತ ಇರುವುದನ್ನು ಹುಡುಕಿ. ಕ್ರಿಕೆಟ್‌ಗೆ ಚೆನ್ನ. ಸಿನಿಮಾದ ಸೆಕೆಂಡಿಗೆ 24 ಚಿತ್ರಗಳ ನಡುವೆ ಇಲ್ಲದ ಚಿತ್ರಗಳನ್ನು ತಾನೇ ಊಹಿಸಿ ತುಂಬುತ್ತದೆ. ಎಲ್ಲವೂ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ, ಧಾರಾವಾಹಿ ಶೂಟಿಂಗ್ ನೋಡಿದ ಹಾಗೆ. ಸುಬುರಾಯಾ ಕಷ್ಟಪಟ್ಟು ತಂದ ಭಾರ ಅಲ್ಲೇ ಕರಗಿ, ಉಳಿಯುವುದು ರಬ್ಬರ್ ಡ್ರೆಸ್ಸು. ಮೊದಲು ಅದನ್ನು ಆಫ್ ಮಾಡಿ. ಪಿಕ್ಚರ್ ಮೋಡ್ ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ಗೆ ಇಡಿ. ನಾಯ್ಸ್ ರಿಡಕ್ಷನ್ ಆಫ್, ಶಾರ್ಪ್‌ನೆಸ್ ಕೆಳಗೆ. ಡಿಸ್ಕ್‌ಗೆ ಬೈಯುವ ಮುಂಚೆ ಇಷ್ಟು ಮಾಡಿ ನೋಡಿ.

ಮಸಿ ಅಂದಿರಿ. ಟೋಕಿಯೊದ ಮೇಲಿನ ದಾಳಿ ಬೇಕೆಂದೇ ರಾತ್ರಿಗೆ ಇಟ್ಟದ್ದು. ಕತ್ತಲು ಕಟ್ಟಡಗಳ ಸಣ್ಣತನ ಮುಚ್ಚುತ್ತದೆ, ಬೆಂಕಿಯನ್ನು ಎತ್ತಿ ತೋರಿಸುತ್ತದೆ. ಟ್ಯೂಬ್‌ಲೈಟ್ ಉರಿಯುವ ಹಾಲ್‌ನಲ್ಲಿ ನೋಡಿದರೆ ಮಸಿಯಾಗದೆ ಇನ್ನೇನು? ದೀಪ ಆರಿಸಿ, ಕಿಟಕಿ ಪರದೆ ಎಳೆಯಿರಿ. ಬ್ರೈಟ್‌ನೆಸ್ ಏರಿಸಬೇಡಿ, ಕಪ್ಪು ಹೋಗಿ ಬೂದಿಯಾಗುತ್ತದೆ, ವಿಮಾನಗಳನ್ನು ತೂಗುಬಿಟ್ಟ ತಂತಿಯೂ ಕಾಣತೊಡಗುತ್ತದೆ. ಧ್ವನಿ ಮೋನೊ, ಅದು ಮುಂದಿನಿಂದಲೇ ಬರಲಿ. ಸರೌಂಡ್ ಎಫೆಕ್ಟ್ ಹಾಕಿದರೆ ಹೆಜ್ಜೆ ಸದ್ದು ಬಚ್ಚಲಿನಿಂದ ಬಂದ ಹಾಗಿರುತ್ತದೆ. ಆ ಕೂಗನ್ನು ಮಾತ್ರ ಸ್ವಲ್ಪ ಜೋರಾಗಿ ಕೇಳಿ. ಅದು ಯಾವ ಪ್ರಾಣಿಯದ್ದೂ ಅಲ್ಲ. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಡಬಲ್ ಬಾಸ್ ವಾದ್ಯದ ತಂತಿಯನ್ನು ರಾಳ ಹಚ್ಚಿದ ಚರ್ಮದ ಗ್ಲೌಸಿನಿಂದ ಉಜ್ಜಿಸಿ, ಆ ಸದ್ದನ್ನು ನಿಧಾನ ಮಾಡಿ ಪಡೆದದ್ದು.

ನಿಮ್ಮ ಮಗನ 4ಕೆ ಸಲಹೆ. ಕ್ರೈಟೀರಿಯನ್ 2024ರಲ್ಲಿ ಇದೇ ಚಿತ್ರದ 4ಕೆ ಯುಎಚ್‌ಡಿ ತಂದಿದೆ. ಅದರ ದೊಡ್ಡ ಅನುಕೂಲ, ಯುಎಚ್‌ಡಿ ಡಿಸ್ಕ್‌ಗೆ ರೀಜನ್ ಬೀಗವೇ ಇಲ್ಲ. ಇಲ್ಲಿನ ಯಾವ ಯುಎಚ್‌ಡಿ ಪ್ಲೇಯರ್‌ನಲ್ಲೂ ಓಡುತ್ತದೆ. ಆದರೆ ಪ್ಯಾಕೆಟ್ಟಿನಲ್ಲಿ ಜೊತೆಗೆ ಬರುವ ಮಾಮೂಲಿ ಬ್ಲೂ-ರೇಗೆ ಬೀಗ ಇದ್ದೇ ಇರುತ್ತದೆ, ಯುಎಚ್‌ಡಿ ಪ್ಲೇಯರನ್ನೂ ಬೇರೆ ಕೊಳ್ಳಬೇಕು. ಚಿತ್ರದಲ್ಲಿ ಏನು ಗಳಿಕೆ? ಕತ್ತಲಿನ ದೃಶ್ಯಗಳಲ್ಲಿ ಬೂದು ಬಣ್ಣದ ಛಾಯೆಗಳು ಇನ್ನಷ್ಟು ಬಿಡಿಸಿ ಕಾಣುತ್ತವೆ, ರವೆ ಸಣ್ಣ ರವೆಯಾಗುತ್ತದೆ. ಅಷ್ಟೇ. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನು ವಾಪಸ್ ಮಾಡದೆ, ಒಂದು ಮಲ್ಟಿ ರೀಜನ್ ಪ್ಲೇಯರ್‌ಗೆ ದುಡ್ಡು ಹಾಕುತ್ತಿದ್ದೆ. ಒಂದು ಡಿಸ್ಕ್‌ಗೆ ಬದಲು ಮಗ ತರುವ ಎಲ್ಲಾ ಡಿಸ್ಕೂ ಓಡುತ್ತವಲ್ಲ. ರುಚಿ ಹತ್ತಿದರೆ 2019ರಲ್ಲಿ ಬಂದ ದೊಡ್ಡ ಪೆಟ್ಟಿಗೆಯೂ ಇದೆ, 1954ರಿಂದ 1975ರವರೆಗಿನ 15 ಗಾಡ್ಜಿಲ್ಲಾ ಚಿತ್ರಗಳು. ಅದೂ ಎ ಬೀಗದ್ದೇ. ಜಪಾನಿನಲ್ಲೇ ಬಿಡುಗಡೆಯಾದ ಡಿಸ್ಕ್ ಕಂಡರೆ ಆಸೆಪಡಬೇಡಿ, ಇಂಗ್ಲಿಷ್ ಸಬ್‌ಟೈಟಲ್ ಇಲ್ಲದವೇ ಜಾಸ್ತಿ.

ಆನ್‌ಲೈನಿನಲ್ಲಾಗಲಿ, ಹಳೆಯ ಡಿವಿಡಿಯಲ್ಲಾಗಲಿ ಇದು ಯಾವ ರೂಪ ಅಂತ ತಿಳಿಯಲು ಕವರ್ ನಂಬಬೇಡಿ, ಅವಧಿ ನೋಡಿ. 96 ನಿಮಿಷ ಇದ್ದರೆ ಜಪಾನಿ, 80 ಇದ್ದರೆ ಅಮೆರಿಕನ್. 92 ಅಂತ ಇದ್ದರೆ ಗಾಬರಿ ಬೇಡ. ಯುರೋಪು, ಭಾರತದ ಪಾಲ್ ಎಂಬ ಟಿ.ವಿ. ಪದ್ಧತಿಯಲ್ಲಿ ಸೆಕೆಂಡಿಗೆ 24ರ ಬದಲು 25 ಚಿತ್ರ ಓಡುವುದರಿಂದ 96 ನಿಮಿಷ 92ಕ್ಕೆ ಮುಗಿಯುತ್ತದೆ. ಏನೂ ಕತ್ತರಿಸಿಲ್ಲ, ಎಲ್ಲರ ಗಂಟಲು ಒಂದು ಎಳೆ ತೆಳ್ಳಗಾಗಿರುತ್ತದೆ ಅಷ್ಟೇ.

ಕತ್ತರಿಸಿದ್ದರ ಮಾತಿಗೆ ಬಂದೆವು. ಅಮೆರಿಕದವರು ತೆಗೆದದ್ದು ಏನನ್ನು ಅಂತ ಗೊತ್ತಾದರೆ ಜಪಾನಿ ಚಿತ್ರ ಯಾಕೆ ಅಷ್ಟು ಗಂಭೀರವಾಗಿ ಕಂಡಿತು ಅನ್ನುವುದೂ ಗೊತ್ತಾಗುತ್ತದೆ. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ಅದರ ಬೂದಿ ‘ದಾಯ್‌ಗೊ ಫುಕುರ್ಯೂ ಮಾರು’ ಎಂಬ ಜಪಾನಿ ಮೀನುಗಾರಿಕೆ ದೋಣಿಯ ಮೇಲೆ ಸುರಿಯಿತು. ಹೆಸರಿನ ಅರ್ಥ ಅದೃಷ್ಟದ ಡ್ರ್ಯಾಗನ್. ದೋಣಿಯಲ್ಲಿದ್ದವರು 23 ಜನ. ಅವರು ಹಿಡಿದು ತಂದ ಟ್ಯೂನಾ ಮೀನಿಗೆ ಊರೆಲ್ಲ ಹೆದರಿತು. ರೇಡಿಯೊ ನೋಡಿಕೊಳ್ಳುತ್ತಿದ್ದ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು. ಅದಾದ 41ನೇ ದಿನ ‘ಗೊಜಿರಾ’ ತೆರೆಗೆ ಬಂತು. ಮೊದಲ ದೃಶ್ಯವೇ ನಡುಸಮುದ್ರದ ಹಡಗು. ಹುಡುಗರು ಡೆಕ್ ಮೇಲೆ ಕೂತು ಗಿಟಾರ್, ಮೌತ್ ಆರ್ಗನ್ ನುಡಿಸುತ್ತಿರುತ್ತಾರೆ, ಇದ್ದಕ್ಕಿದ್ದ ಹಾಗೆ ನೀರು ಬೆಳ್ಳಗೆ ಹೊಳೆಯುತ್ತದೆ. ಆ ದಿನ ಥಿಯೇಟರಿನಲ್ಲಿ ಕೂತವರಿಗೆ ಇದು ಯಾವ ಹಡಗು ಅಂತ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹೋಂಡಾ ಸ್ವತಃ ಸೈನಿಕರಾಗಿದ್ದವರು. ಯುದ್ಧ ಮುಗಿದು ಚೀನಾದಿಂದ ಮನೆಗೆ ಬರುವ ದಾರಿಯಲ್ಲಿ ಹಿರೋಷಿಮಾವನ್ನು ಕಣ್ಣಾರೆ ಕಂಡಿದ್ದರು.

ರೈಲಿನಲ್ಲಿ ಒಂದು ಚಿಕ್ಕ ದೃಶ್ಯವಿದೆ, ಮತ್ತೆ ನೋಡಿ. ಪ್ರಯಾಣಿಕರು ಸುಮ್ನೆ ಹರಟುತ್ತಿದ್ದಾರೆ. ವಿಷದ ಮೀನು ಆಯಿತು, ವಿಷದ ಮಳೆ ಆಯಿತು, ಈಗ ಇದೊಂದು ಬೇರೆ, ಅನ್ನುವ ಧಾಟಿ. ನಾಗಸಾಕಿಯಲ್ಲಿ ಜೀವ ಉಳಿಸಿಕೊಂಡು ಬಂದವಳು ನಾನು ಅಂತಾಳೆ ಅವರಲ್ಲೊಬ್ಬ ಹೆಂಗಸು. ನಮ್ಮಲ್ಲಿ ಬಸ್ಸಿನ ಸೀಟಿನಲ್ಲಿ ಈರುಳ್ಳಿ ರೇಟು ಮಾತಾಡುವ ಹಾಗೆ ಮಾತಾಡುತ್ತಾರೆ. ಇದು ಅಮೆರಿಕನ್ ರೂಪದಲ್ಲಿಲ್ಲ. ಊರು ಉರಿಯುವಾಗ ಒಬ್ಬ ತಾಯಿ ಮಕ್ಕಳನ್ನು ತಬ್ಬಿಕೊಂಡು ಗೋಡೆ ಪಕ್ಕ ಕೂತಿರುತ್ತಾಳೆ. ಇನ್ನೇನು ಅಪ್ಪನ ಹತ್ತಿರ ಹೋಗಿಬಿಡೋಣ ಅಂತ ಸಮಾಧಾನ ಹೇಳುತ್ತಾಳೆ. ಅಪ್ಪ ಎಲ್ಲಿದ್ದಾನೆ ಅಂತ ಚಿತ್ರ ಹೇಳುವುದಿಲ್ಲ. ಮರುದಿನ ಆಸ್ಪತ್ರೆಯಲ್ಲಿ ಮಗುವೊಂದರ ಮುಂದೆ ವಿಕಿರಣ ಅಳೆಯುವ ಯಂತ್ರ ಹಿಡಿದಾಗ ಅದು ಕಟಕಟ ಅನ್ನುತ್ತದೆ, ಹಿಡಿದವನು ತಲೆ ಅಲ್ಲಾಡಿಸುತ್ತಾನೆ. ಹನ್ನೆರಡರ ಮೊಮ್ಮಗಳು ಇಲ್ಲೂ ನಗುತ್ತಾಳೆ ಅಂತ ನನಗನ್ನಿಸುವುದಿಲ್ಲ.

ಕೊನೆ ಬೇರೆ ಅಂದಿದ್ದೆನಲ್ಲ. ಜಪಾನಿ ಚಿತ್ರದಲ್ಲಿ ಪ್ರಾಣಿ ಸತ್ತ ಮೇಲೂ ಡಾಕ್ಟರ್ ಯಮಾನೆ ನೆಮ್ಮದಿಯಿಂದಿರುವುದಿಲ್ಲ. ಇದೊಂದೇ ಕೊನೆಯ ಗೊಜಿರಾ ಅಂತ ನನಗನ್ನಿಸುವುದಿಲ್ಲ, ಬಾಂಬ್ ಪರೀಕ್ಷೆ ಹೀಗೇ ನಡೆದರೆ ಪ್ರಪಂಚದ ಇನ್ನೆಲ್ಲಾದರೂ ಇನ್ನೊಂದು ಏಳಬಹುದು ಅನ್ನುತ್ತಾರೆ. ಆ ಪಾತ್ರ ಮಾಡಿದ್ದು ಅದೇ ವರ್ಷ ‘ಸೆವೆನ್ ಸಮುರಾಯ್’ನಲ್ಲಿ ಹಿರಿಯ ಸಮುರಾಯ್ ಆಗಿದ್ದ ತಕಾಶಿ ಶಿಮುರಾ. ಅಮೆರಿಕನ್ ರೂಪದಲ್ಲಿ ಆ ಮಾತಿಲ್ಲ. ಗಂಡಾಂತರ ಕಳೆಯಿತು, ಜಗತ್ತು ಮತ್ತೆ ಬದುಕಬಹುದು ಅಂತ ಬರ್ ಹೇಳಿ ಮುಗಿಸುತ್ತಾನೆ.

ಇಷ್ಟು ಹೇಳಿದ ಮೇಲೆ ನಿಮ್ಮ ಅಮೆರಿಕನ್ನನ್ನು ಕಸಕ್ಕೆ ಹಾಕಿ ಅನ್ನುವವನಲ್ಲ ನಾನು. ಕೆಲಸಗಾರನ ಕಣ್ಣಿನಿಂದ ನೋಡಿದರೆ ಅದು ಜಾಣ ಹೊಲಿಗೆ. ಬರ್ ನಾಯಕಿಯ ಜೊತೆ ಮಾತಾಡುವಾಗ ಅವಳ ಬೆನ್ನು ಮಾತ್ರ ಕಾಣುತ್ತದೆ, ಗಮನಿಸಿ. ಅದು ಮೂಲ ಚಿತ್ರದ ನಾಯಕಿ ಮೊಮೊಕೊ ಕೊಚಿ ಅಲ್ಲ, ಅಮೆರಿಕದಲ್ಲಿ ಯಾರನ್ನೋ ನಿಲ್ಲಿಸಿದ್ದು. ಎಲ್ಲವನ್ನೂ ಡಬ್ ಮಾಡದೆ ಎಷ್ಟೋ ಕಡೆ ಜಪಾನಿ ಮಾತನ್ನೇ ಬಿಟ್ಟು, ಪಕ್ಕದವನ ಕೈಲಿ ಅನುವಾದ ಹೇಳಿಸುತ್ತಾರೆ. ತಮಾಷೆಯೆಂದರೆ ಈ ರೂಪವನ್ನು 1957ರಲ್ಲಿ ಜಪಾನಿನಲ್ಲೂ ಬಿಡುಗಡೆ ಮಾಡಿದರು. ಒಂದೇ ರಾತ್ರಿ ಎರಡೂ ನೋಡುವುದಾದರೆ ಮೊದಲು ಜಪಾನಿಯದ್ದು, ಆಮೇಲೆ ಬರ್. ತಿರುಗಾಮುರುಗಾ ಮಾಡಿದರೆ ಎರಡನೆಯದು ಎಳೆದ ಹಾಗಿರುತ್ತದೆ.

ಕೊನೆಗೆ ಕ್ಯಾಸೆಟ್. ಬಿಳಿ ಪುಡಿ ಅಂದರೆ ಬೂಷ್ಟು. ದಯವಿಟ್ಟು ಅದನ್ನು ಯಾವ ವಿಸಿಆರ್‌ಗೂ ಹಾಕಬೇಡಿ. ಬೂಷ್ಟು ಹೆಡ್‌ಗೆ ಮೆತ್ತಿಕೊಂಡು ಟೇಪನ್ನು ಕೆರೆಯುತ್ತದೆ, ಆ ಮೆಷಿನ್ನಿಗೆ ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ದಾಟುತ್ತದೆ. ಮದುವೆ ಕ್ಯಾಸೆಟ್ ಅದರ ಪಕ್ಕ ಇಟ್ಟಿದ್ದರೆ ಇವತ್ತೇ ಬೇರೆ ಕಡೆ ಇಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಇದನ್ನು ಒಂದು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಕಟ್ಟಿಡಿ. ಟೇಪ್ ಬಿಚ್ಚಿ ಒರೆಸಿ, ಬೇರೆ ಡಬ್ಬಿಗೆ ಸುತ್ತಿ ಇಳಿಸಿಕೊಡುವವರು ಬೆಂಗಳೂರಿನಲ್ಲಿ ಸಿಗುತ್ತಾರೆ. ‘ಬೂಷ್ಟು ಹಿಡಿದಿದೆ’ ಅಂತ ಮೊದಲೇ ಹೇಳಿ. ಅದಕ್ಕೇನಾದೀತು ಅಂತ ಹಾಗೇ ಮೆಷಿನ್ನಿಗೆ ಹಾಕಲು ಹೊರಟವರ ಹತ್ತಿರ ಕೊಡಬೇಡಿ.

ಸಿನಿಮಾಕ್ಕಾಗಿ ಆ ಖರ್ಚು ಬೇಡ, ಅದೇ ಸಿನಿಮಾ ಡಿಸ್ಕಿನಲ್ಲಿ ಹತ್ತು ಪಟ್ಟು ಚೆನ್ನಾಗಿದೆ. ಆದರೆ ಆ ಕಾಲದ ಬಾಡಿಗೆ ಕ್ಯಾಸೆಟ್‌ಗಳಲ್ಲಿ ಶುರುವಿಗೆ ಲೈಬ್ರರಿಯ ಹೆಸರು, ಪರದೆಯ ಕೆಳಗೆ ಸೋಪು, ಸೀರೆ ಅಂಗಡಿಯ ಜಾಹೀರಾತು ಓಡುತ್ತಿತ್ತು, ನೆನಪಿದೆಯಾ? ನಿಮ್ಮದರಲ್ಲಿ ಹಾಸನದ ಅಂಗಡಿಗಳ ಹೆಸರು ಓಡುತ್ತಿದ್ದರೆ ಅದು ಬೇರೆ ಎಲ್ಲೂ ಸಿಗುವುದಿಲ್ಲ, ಆಗ ಮಾಡಿಸಿ. ಮಾಡಿಸಿದರೆ ನನಗೂ ಒಂದು ಪ್ರತಿ ಕಳಿಸಿ. ಅಷ್ಟರೊಳಗೆ ಆ ಹಸಿರು ಕವರಿನ ಫೋಟೊ ಒಂದು ಬರಲಿ.